ದಾವಣಗೆರೆಯಲ್ಲಿ ಮೊದಲ ಮನೆ: ಈಗಲೇ ಕೊಳ್ಳಬೇಕಾ, ಬಾಡಿಗೆಯಲ್ಲೇ ಇರಬೇಕಾ?

ನಿಟುವಳ್ಳಿ_ನಿವಾಸಿ
ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಕಾಲೇಜೊಂದರ ಆಫೀಸಿನಲ್ಲಿದ್ದೇನೆ, ಹೆಂಡತಿ ಟೀಚರ್. ಇಬ್ಬರದ್ದೂ ಸೇರಿ ತಿಂಗಳಿಗೆ 62 ಸಾವಿರ ಕೈಗೆ ಬರುತ್ತದೆ. ನಿಟುವಳ್ಳಿಯಲ್ಲಿ ಬಾಡಿಗೆ ಮನೆ, 9,500. ಉಳಿತಾಯ 11 ಲಕ್ಷ. ಬೇರೆ ಸಾಲ ಇಲ್ಲ. ಮಗಳು ಜೂನ್‌ಗೆ ಒಂದನೇ ಕ್ಲಾಸು. ಈಗ ಓನರ್ ಮಗನ ಮದುವೆ ಗೊತ್ತಾಗಿದೆ, ಮನೆ ಬಿಟ್ಟುಕೊಡಿ ಎಂದಿದ್ದಾರೆ.

ನೋಡಿದ್ದರಲ್ಲಿ ಉಳಿದಿರುವುದು ಇಷ್ಟು. ಕೆಟಿಜೆ ನಗರದ ಕಡೆ 20x30ರಲ್ಲಿ ಹಳೇ ಮನೆ, 46 ಲಕ್ಷ ಹೇಳುತ್ತಾರೆ. ಶಾಮನೂರು ರಸ್ತೆ ಕಡೆ ಎರಡು ಬೆಡ್‌ರೂಮಿನ ಹೊಸ ಫ್ಲ್ಯಾಟ್, 34 ಲಕ್ಷ. ಹದಡಿ ರಸ್ತೆಯಲ್ಲಿ ಊರ ಹೊರಗೆ ಪಂಚಾಯಿತಿ ಲಿಮಿಟ್‌ನ 30x40 ಸೈಟು, 19 ಲಕ್ಷ. ಇದ್ಯಾವುದೂ ಬೇಡ ಅಂದರೆ ಸರಸ್ವತಿ ನಗರದಲ್ಲಿ ಒಬ್ಬರು 7 ಲಕ್ಷಕ್ಕೆ ಮೂರು ವರ್ಷ ಲೀಸಿಗೆ ಕೊಡುತ್ತಾರಂತೆ.

ಅಪ್ಪ ಫೋನ್ ಮಾಡಿದಾಗಲೆಲ್ಲ "ಬಾಡಿಗೆ ಕಟ್ಟೋದು ನೀರಿಗೆ ಹಾಕಿದ ಹಾಗೆ" ಎನ್ನುತ್ತಾರೆ. ಹೆಂಡತಿಗೆ ಇಷ್ಟು ದೊಡ್ಡ ಸಾಲ ಅಂದರೆ ಭಯ. ಅನುಭವ ಇರುವವರು ದಯವಿಟ್ಟು ಹೇಳಿ.

ಹದಡಿ_ರೋಡ್
ಸೈಟು ತಗೊಳ್ಳಿ, ಯೋಚನೆನೇ ಬೇಡ. ಮನೆ ಹಳೇದಾಗುತ್ತೆ, ನೆಲ ಹಳೇದಾಗಲ್ಲ. ಇವತ್ತು 19 ಇರುವುದು ನಾಳೆ ಈ ರೇಟಿಗೆ ಸಿಗಲ್ಲ.

ಕುಂದವಾಡ_ವಾಕರ್
ಸೈಟು ತಗೊಂಡು ಎಲ್ಲಿ ಇರುತ್ತಾರೆ ಅಣ್ಣ? ಬಾಡಿಗೆನೂ ಕಟ್ಟಬೇಕು, ಸೈಟಿನ ಸಾಲನೂ ಕಟ್ಟಬೇಕು. ಅವರಿಗೆ ಮನೆ ಬೇಕಾಗಿರುವುದು ಈಗ.

ಬಡ್ಡಿ_ಲೆಕ್ಕ
ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಕೆಲಸ ಮಾಡಿದವನು ನಾನು. ಮೊದಲು 46 ಲಕ್ಷದ ಮನೆಯ ಲೆಕ್ಕ ನೋಡೋಣ.

30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆಯ ಬೆಲೆಯಲ್ಲಿ ಶೇ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ 80. ಇದು ರಿಸರ್ವ್ ಬ್ಯಾಂಕ್ ನಿಯಮ. ಅಂದರೆ ನಿಮಗೆ ಜಾಸ್ತಿ ಅಂದರೆ 36.8 ಲಕ್ಷ. ಉಳಿದ 9.2 ಲಕ್ಷ ನಿಮ್ಮದು. ನೋಂದಣಿ ಖರ್ಚಿಗೆ ಸಾಲ ಸೇರಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು 7.6. ಹತ್ತಿರ ಹತ್ತಿರ ಮೂರೂವರೆ ಲಕ್ಷ. ಕೈಯಿಂದ 12.7 ಲಕ್ಷ ಬೇಕು. ನಿಮ್ಮ ಹತ್ತಿರ ಇರುವುದು 11.

ಹೇಗೋ ಹೊಂದಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಶೇ 8ರ ಬಡ್ಡಿ, 20 ವರ್ಷಕ್ಕೆ ಇಎಂಐ 30,780 ಬರುತ್ತದೆ. ನಿಮ್ಮ ಸಂಬಳದ ಅರ್ಧ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೇ 24,500 ಹೋಗುತ್ತದೆ. ನೀರಿಗೆ ಹಾಕಿದ ಹಾಗೆ ಅನ್ನುವುದಾದರೆ 9,500 ಬಾಡಿಗೆ ಜಾಸ್ತಿನಾ, ಇದು ಜಾಸ್ತಿನಾ? ಅಪ್ಪನವರಿಗೆ ಈ ಎರಡು ಅಂಕಿ ತೋರಿಸಿ.

ಎಂಸಿಸಿ_ಬಿ_ಬ್ಲಾಕ್
ಲೆಕ್ಕ ಸರಿ, ಆದರೆ ಅರ್ಧ ಲೆಕ್ಕ. ಬಾಡಿಗೆ 9,500ರಲ್ಲೇ ನಿಲ್ಲುತ್ತಾ ಸರ್? ವರ್ಷಕ್ಕೆ ಶೇ 5 ಏರಿದರೂ 20 ವರ್ಷಕ್ಕೆ 25 ಸಾವಿರ ದಾಟುತ್ತದೆ. ಆಗ ಇವರು ರಿಟೈರ್ ಆಗುವ ಹೊತ್ತು. ಸಂಬಳ ಇಲ್ಲ, ಬಾಡಿಗೆ ಇದೆ. ಸಾಲ ಮಾಡಿದವನ ಕಂತು ಬಡ್ಡಿ ದರ ಬದಲಾದಷ್ಟೇ ಆಚೀಚೆ ಆಗುತ್ತದೆ, ಒಂದು ದಿನ ಮುಗಿಯುತ್ತದೆ.

ಬಡ್ಡಿ_ಲೆಕ್ಕ
ಒಪ್ಪುತ್ತೇನೆ. ಅದಕ್ಕೇ ನಾನು ಕೊಳ್ಳಬೇಡಿ ಎನ್ನಲಿಲ್ಲ, 46 ಲಕ್ಷದ್ದು ಬೇಡ ಎಂದೆ. ಇನ್ನೊಂದು ವಿಷಯ. ಏರಿಳಿಯುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಇಲ್ಲ. ಬೋನಸ್ಸೋ ಚೀಟಿ ಹಣವೋ ಬಂದಾಗ ಅಸಲಿಗೆ ಕಟ್ಟಿ. ಮೊದಲ ಐದಾರು ವರ್ಷದಲ್ಲಿ ಕಟ್ಟಿದ್ದೇ ಜಾಸ್ತಿ ಉಪಯೋಗಕ್ಕೆ ಬರುವುದು.

ವಿದ್ಯಾನಗರ_ಮೇಡಂ
ಟ್ಯಾಕ್ಸ್ ಉಳಿಯುತ್ತಲ್ಲ, ಅದನ್ನ ಯಾರೂ ಹೇಳುತ್ತಿಲ್ಲ. ಬಡ್ಡಿಗೆ 2 ಲಕ್ಷ, ಅಸಲಿಗೆ ಒಂದೂವರೆ ಲಕ್ಷದವರೆಗೆ ವಿನಾಯಿತಿ ಇದೆ.

ಬಡ್ಡಿ_ಲೆಕ್ಕ
ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ ಮೇಡಂ. ಹೊಸ ಪದ್ಧತಿಯಲ್ಲಿ ನಾವೇ ವಾಸ ಮಾಡುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಇವರ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರಲ್ಲ. ಟ್ಯಾಕ್ಸಿಗೋಸ್ಕರ ಮನೆ ಕೊಳ್ಳುವ ಕಾಲ ಹೋಯಿತು.

ಪತ್ರ_ಬರಹ
ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಪತ್ರ ಬರೆಯುವುದು ನಮ್ಮ ಮನೆಯವರ ಕಸುಬು. ಎಲ್ಲರೂ ಬೆಲೆಯ ಬಗ್ಗೆಯೇ ಮಾತಾಡುತ್ತಿದ್ದೀರಿ, ಕಾಗದದ ಬಗ್ಗೆ ಯಾರೂ ಕೇಳಿಲ್ಲ. ಆ ಹದಡಿ ರಸ್ತೆ ಸೈಟಿನ ಬಗ್ಗೆ ನನಗೆ ಭಯ ಇದೆ.

ಪಂಚಾಯಿತಿ ಲಿಮಿಟ್ ಅಂದ ತಕ್ಷಣ ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ ಕೇಳಿ. ಫಾರಂ 9 ಮತ್ತು 11ಎ ಇದೆಯಾ, ಬರೀ 11ಬಿ ನಾ? ಈ ಎರಡಕ್ಕೂ ಅಜಗಜಾಂತರ. ಜಮೀನು ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿ, ಲೇಔಟಿಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಸಿಕ್ಕಿದ್ದರೆ ಫಾರಂ 9 ಬರುತ್ತದೆ, ಇಲ್ಲದಿದ್ದರೆ ಬರೀ 11ಬಿ. ನಮ್ಮ ಊರಿನ ಸುತ್ತ ಆ ಒಪ್ಪಿಗೆ ಕೊಡುವುದು ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ). ಊರ ಹೊರಗಿದೆ, ಪಂಚಾಯಿತಿ ಸೀಲು ಸಾಕು ಎಂದು ಬ್ರೋಕರ್ ಹೇಳಿದರೆ ನಂಬಬೇಡಿ. ಹೊಲಕ್ಕೆ ಕಲ್ಲು ನೆಟ್ಟು, ಜಲ್ಲಿ ಹಾಕಿ, ಕಮಾನು ನಿಲ್ಲಿಸಿದ ಮಾತ್ರಕ್ಕೆ ಲೇಔಟ್ ಆಗಲ್ಲ.

ಆಮೇಲೆ ಆ ಜಮೀನು ಮೂಲದಲ್ಲಿ ಯಾರದ್ದು ಅಂತ ಹಳೇ ಪಹಣಿ, ಮ್ಯುಟೇಶನ್ ತೆಗೆಸಿ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅದು ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಊರ್ಜಿತ ಅಲ್ಲ. ತುಂಬಾ ವರ್ಷ ಆಯಿತು, ಇನ್ನೇನೂ ಆಗಲ್ಲ ಎನ್ನುವಂತೆಯೂ ಇಲ್ಲ. 2023ರ ತಿದ್ದುಪಡಿ ಆದ ಮೇಲೆ ಜಮೀನು ವಾಪಸ್ ಕೇಳಲು ಕಾಯ್ದೆಯಲ್ಲಿ ಕಾಲಮಿತಿ ಇಲ್ಲ. ಆ ಜಮೀನು ಸಿಕ್ಕ ಕುಟುಂಬಕ್ಕೆ ನ್ಯಾಯ ಸಿಗಬೇಕಾದ್ದೇ. ಆದರೆ ನಡುವೆ ಸೈಟು ಕೊಂಡವನು ಬೀದಿಗೆ ಬರುತ್ತಾನೆ.

ಪಿತ್ರಾರ್ಜಿತ ಆಸ್ತಿ ಆದರೆ ವಂಶವೃಕ್ಷ ಬೇಕೇ ಬೇಕು. ಅಣ್ಣತಮ್ಮಂದಿರ ಸಹಿ ಸಾಲಲ್ಲ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಮದುವೆಯಾಗಿ ರಾಣೆಬೆನ್ನೂರಿಗೋ ಹೊಳಲ್ಕೆರೆಗೋ ಹೋದ ಅಕ್ಕತಂಗಿಯರ ಸಹಿಯೂ ಕ್ರಯಪತ್ರದಲ್ಲಿ ಇರಬೇಕು. ನಮ್ಮ ಹತ್ತಿರ ಬರುವ ತಕರಾರುಗಳಲ್ಲಿ ಇದೇ ಜಾಸ್ತಿ.

ಹದಡಿ_ರೋಡ್
ಇಷ್ಟೆಲ್ಲ ನೋಡುತ್ತಾ ಕೂತರೆ ದಾವಣಗೆರೆಯಲ್ಲಿ ಯಾರೂ ಸೈಟೇ ತಗೊಳ್ಳಲ್ಲ. ನಮ್ಮ ಬೀದಿಯಲ್ಲಿ ಅರ್ಧ ಮನೆ ಬಿ ಖಾತಾ, ಅಂದರೆ ಒಪ್ಪಿಗೆ ಇಲ್ಲದ ಲೇಔಟಿನವು. ಕರೆಂಟು ಬಂದಿದೆ, ಕಂದಾಯ ಕಟ್ಟುತ್ತಿದ್ದೇವೆ. ಸರ್ಕಾರನೇ ಕರೆದು ಬಿ ಖಾತಾ ಕೊಟ್ಟಿದೆಯಲ್ಲ.

ಪತ್ರ_ಬರಹ
ಕೊಟ್ಟಿದೆ ಅಣ್ಣ, 2025ರ ಫೆಬ್ರವರಿಯಲ್ಲಿ ಶುರು ಮಾಡಿದ ಅಭಿಯಾನದಲ್ಲಿ. ಅದು ಮೊದಲೇ ಕೊಂಡು ಕೂತವರ ಕಷ್ಟಕ್ಕೆ. ಹೊಸದಾಗಿ ಕೊಳ್ಳುವವರು ನೋಡಿಕೊಂಡು ಬೀಳಬೇಕಾಗಿಲ್ಲ. ಬಿ ಖಾತಾ ಸಿಕ್ಕ ಮಾತ್ರಕ್ಕೆ ಅಕ್ರಮವಾದದ್ದು ಸಕ್ರಮ ಆಗಲ್ಲ. ಬಹಳ ಬ್ಯಾಂಕುಗಳು ಸಾಲ ಕೊಡಲ್ಲ. ಕಟ್ಟಡದ ಲೈಸೆನ್ಸಿಗೂ ಒದ್ದಾಟ. ನಾಳೆ ಮಾರಲು ಹೋದರೆ ಪೂರ್ತಿ ನಗದು ಇರುವವನೇ ಬೇಕು. ನಿಮಗೆ ತೊಂದರೆ ಆಗಿಲ್ಲ, ಸಂತೋಷ. ಇವರ ಹತ್ತಿರ ಇರುವುದು 11 ಲಕ್ಷ, ಅದು ಅವರ ದುಡಿಮೆ ಪೂರ್ತಿ.

ಕೋಟೆನಾಡು_ಹುಡುಗಿ
ಚಿತ್ರದುರ್ಗದಲ್ಲೂ ಇದೇ ಕತೆ. ತುರುವನೂರು ರಸ್ತೆ, ಮೆದೇಹಳ್ಳಿ ಕಡೆ ಎಲ್ಲಿ ನೋಡಿದರೂ ಸೈಟಿನ ಬೋರ್ಡು. "ತುಮಕೂರು-ದಾವಣಗೆರೆ ರೈಲು ಬರುತ್ತೆ, ಬೆಂಗಳೂರು ಹತ್ತಿರ ಆಗುತ್ತೆ" ಎಂದು ರೇಟು ಏರಿಸುತ್ತಾರೆ. ಆ ಲೈನು ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ರೈಲು ಓಡಿದ ಮೇಲೆ ಆ ರೇಟು ಕೊಡೋಣ, ಈಗಲೇ ಯಾಕೆ ಕೊಡಬೇಕು?

ಕುಂದವಾಡ_ವಾಕರ್
ನಮ್ಮಲ್ಲಿ ಬ್ರೋಕರ್‌ಗಳು ಇದರ ಜೊತೆಗೆ ವಿಮಾನ ನಿಲ್ದಾಣವನ್ನೂ ಸೇರಿಸುತ್ತಾರೆ.

ಸೆಂಟ್ರಿಂಗ್_ಇಂಜಿನಿಯರ್
ಸೈಟು ತಗೊಂಡು ಕಟ್ಟುವವರಿಗೆ ಒಂದು ಮಾತು. ಮಣ್ಣು ನೋಡಿದ್ದೀರಾ? ನಮ್ಮ ಸುತ್ತ ಕೆಲವು ಕಡೆ ಕೆಂಪು ಮಣ್ಣು, ಕೆಲವು ಕಡೆ ಎರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸಾದಾ ಪಾಯ ಹಾಕಿದರೆ ನಾಲ್ಕು ವರ್ಷಕ್ಕೇ ಗೋಡೆ ಸೀಳುತ್ತದೆ. ಎರೆ ತೆಗೆದು ಗ್ರಾವೆಲ್ ತುಂಬಬೇಕು, ಇಲ್ಲವೇ ಆಳಕ್ಕೆ ಹೋಗಿ ಕಾಲಂ ಎಬ್ಬಿಸಬೇಕು. ಪಾಯಕ್ಕೇ ಒಂದಿಷ್ಟು ಲಕ್ಷ ಜಾಸ್ತಿ. ಭದ್ರಾ ಕಾಲುವೆಯ ಗದ್ದೆ ಬಯಲನ್ನು ಲೇಔಟ್ ಮಾಡಿದ್ದರೆ ನೀರು ಎಲ್ಲಿ ಹರಿಯುತ್ತಿತ್ತು ಎಂದು ಅಕ್ಕಪಕ್ಕದ ರೈತರನ್ನು ಕೇಳಿ.

ಈಗ ಸಾಧಾರಣ ಕೆಲಸಕ್ಕೇ ಚದರಕ್ಕೆ (100 ಚದರಡಿಗೆ) ಎರಡು ಲಕ್ಷದ ಹತ್ತಿರ ಕೇಳುತ್ತಾರೆ. ಹತ್ತು ಚದರದ ಮನೆ ಅಂದರೆ 20 ಲಕ್ಷ. ಸೈಟಿಗೆ 19, ನೋಂದಣಿ, ಬೋರು, ಕಾಂಪೌಂಡು. 34 ಲಕ್ಷದ ಫ್ಲ್ಯಾಟು ದುಬಾರಿ ಅನ್ನುವವರು ಇದನ್ನು ಕೂಡಿಸಿ ನೋಡಿ.

ಕೆಟಿಜೆ ನಗರದ ಮನೆಯನ್ನು ಜೋರು ಮಳೆ ಬಂದ ಮಾರನೇ ದಿನ ನೋಡಿ. ಸೂರಿನ ಮೂಲೆ, ಬಾತ್‌ರೂಮಿನ ಹಿಂಭಾಗದ ಗೋಡೆ, ಕಿಟಕಿಯ ಮೇಲಿನ ಸಜ್ಜ. ಹೊಸದಾಗಿ ಸುಣ್ಣ ಬಣ್ಣ ಹೊಡೆದಿದ್ದರೆ ಇನ್ನೂ ಹುಷಾರಾಗಿ ನೋಡಿ.

ಪಿಜೆ_ಬಡಾವಣೆ_ಹಿರಿಯ
ಮಗು, ನಾನು ಕಾಟನ್ ಮಿಲ್ಲಿನ ಕಾಲದಿಂದ ಈ ಊರು ನೋಡಿದವನು. ಮಿಲ್ಲು ನಿಂತಾಗ ಕೆಲಸ ಹೋದವರಲ್ಲಿ ಸ್ವಂತ ಮನೆ ಇದ್ದವರು ಹೇಗೋ ತಡೆದುಕೊಂಡರು. ಮುಂದಿನ ಕೋಣೆ ಅಂಗಡಿಗೆ ಕೊಟ್ಟರು, ಮೇಲೆ ಶೀಟು ಹಾಕಿ ಬಾಡಿಗೆಗೆ ಬಿಟ್ಟರು. ಬಾಡಿಗೆಯಲ್ಲಿದ್ದವರು ಊರು ಬಿಟ್ಟರು. ಬಡ್ಡಿ ಲೆಕ್ಕ ಹಾಕುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಫ್ಲ್ಯಾಟು ಮಾತ್ರ ನನ್ನ ಮನಸ್ಸಿಗೆ ಬರಲ್ಲ. ಅದರಲ್ಲಿ ನಿನ್ನ ನೆಲ ಎಲ್ಲಿದೆ?

ಶಾಮನೂರು_ಫ್ಲ್ಯಾಟ್
ಅಜ್ಜಾರೆ, ನೆಲ ಇದೆ. ಕಟ್ಟಡ ನಿಂತ ನೆಲದಲ್ಲಿ ನಮ್ಮ ಅವಿಭಜಿತ ಪಾಲು ಎಷ್ಟು ಚದರಡಿ ಅಂತ ಕ್ರಯಪತ್ರದಲ್ಲಿ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಕೊಳ್ಳಬಾರದು. ನಾವು ಫ್ಲ್ಯಾಟಿಗೆ ಬಂದಿದ್ದು ಅಮ್ಮನಿಗಾಗಿ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಅಕ್ಕಪಕ್ಕ ಜನ ಇರುತ್ತಾರೆ, ಲಿಫ್ಟ್ ಇದೆ. ಮೆಂಟೆನೆನ್ಸ್ ಕೊಡದವರ ಜೊತೆ ತಿಂಗಳು ತಿಂಗಳು ಜಗಳ ಇದ್ದದ್ದೇ. ಅದೊಂದು ಬಿಟ್ಟರೆ ನೆಮ್ಮದಿಯಾಗಿದ್ದೇವೆ.

ಕೋಟೆನಾಡು_ಹುಡುಗಿ
ನೀರು ಹೇಗೆ ಅಲ್ಲಿ? ನಮ್ಮಲ್ಲಿ ಮನೆ ನೋಡುವಾಗ ಮೊದಲ ಪ್ರಶ್ನೆ ಅದೇ. ಶಾಂತಿಸಾಗರ, ವಾಣಿವಿಲಾಸ ಎರಡೂ ಕಡೆಯ ನೀರು ಬರುತ್ತದೆ, ಆದರೂ ಬೇಸಿಗೆಯಲ್ಲಿ ದಿನ ಎಣಿಸುತ್ತೇವೆ.

ಶಾಮನೂರು_ಫ್ಲ್ಯಾಟ್
ಪಾಲಿಕೆ ನೀರೂ ಇದೆ, ಬೋರೂ ಇದೆ. ರಾಜನಹಳ್ಳಿಯಿಂದ ತುಂಗಭದ್ರಾ ನೀರು ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಲ್ಲಿ ತುಂಬಿಟ್ಟ ಕಾಲುವೆ ನೀರೇ ಗತಿ. ಬಿಲ್ಡರ್ ಹೇಳಿದ್ದನ್ನು ಬಿಡಿ. ಅದೇ ಬೀದಿಯ ಕಿರಾಣಿ ಅಂಗಡಿಯಲ್ಲಿ ಕೇಳಿ, ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಬರುತ್ತಾ ಅಂತ.

ಬೆಣ್ಣೆನಗರಿ
ಯಾವ ಕಡೆ ಮನೆ ಮಾಡಿದರೂ ಬೆಣ್ಣೆದೋಸೆ ನಡೆದು ಹೋಗುವಷ್ಟು ದೂರದಲ್ಲಿರಲಿ.

ಕೋಟೆನಾಡು_ಹುಡುಗಿ
ದೋಸೆ ನಿಮ್ಮದೇ ಒಪ್ಪಿದೆ. ಗಾಳಿ, ಬೆಟ್ಟ ನಮ್ಮದು. ಸಂಜೆ ಕೋಟೆ ಕಡೆ ಹೋಗಿ ಬರುವ ಸುಖ ದಾವಣಗೆರೆಯಲ್ಲಿ ಎಲ್ಲಿದೆ?

ಕುಂದವಾಡ_ವಾಕರ್
ಕೆರೆ ಏರಿ ಇದೆ, ಗಾಜಿನ ಮನೆ ಇದೆ. ಬನ್ನಿ ಒಮ್ಮೆ.

ನಿಜಲಿಂಗಪ್ಪ_ಬಡಾವಣೆ
ವಿಷಯಕ್ಕೆ ಬರೋಣ. ಲೀಸಿನ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಚಿಕ್ಕಮ್ಮ ಹೀಗೇ ಲೀಸಿಗೆ ಹಾಕಿಕೊಂಡಿದ್ದರು. ಓನರ್ ತುಂಬಾ ಒಳ್ಳೆಯವರ ಹಾಗೆ ಕಾಣುತ್ತಿದ್ದರು. ಆ ಮನೆಯ ಮೇಲೆ ಮೊದಲೇ ಸಾಲ ಇತ್ತು, ಅದನ್ನು ಹೇಳಿರಲಿಲ್ಲ. ಕಂತು ನಿಂತಿತು, ಬ್ಯಾಂಕಿನವರು ಬಾಗಿಲಿಗೆ ನೋಟೀಸು ಅಂಟಿಸಿದರು. ಕೊನೆಗೆ ಹಣ ಬಂತು, ಆದರೆ ಪೂರ್ತಿ ಬರಲಿಲ್ಲ. ಬಿಳಿ ಹಾಳೆಯ ಕರಾರು ಬಿಟ್ಟರೆ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ.

ಬೆಣ್ಣೆನಗರಿ
ನೂರು ರೂಪಾಯಿ ಸ್ಟಾಂಪ್ ಪೇಪರಲ್ಲಿ ಬರೆಸಿ ನೋಟರಿ ಮಾಡಿಸಿದ್ದರೆ ಸಾಕಿತ್ತು.

ಪತ್ರ_ಬರಹ
ಸಾಕಾಗುತ್ತಿರಲಿಲ್ಲ. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು, 1908ರ ನೋಂದಣಿ ಕಾಯ್ದೆ ಹೇಳುವುದೇ ಅದು. ಬಾಡಿಗೆ ಕರಾರು 11 ತಿಂಗಳಿಗೆ ಮಾಡುವುದು ಅದಕ್ಕೇ. ಅಡಮಾನ ಮೊದಲೇ ಇದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಲ್ಲಿ ಮನೆ ವಶಕ್ಕೆ ತಗೊಳ್ಳಬಹುದು, ಲೀಸುದಾರ ಆಮೇಲೆ. ಸರಸ್ವತಿ ನಗರದ ಮನೆಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂಲ ಪತ್ರ ಕಣ್ಣಾರೆ ನೋಡಿ. ಮೂಲ ಪತ್ರ ತೋರಿಸದಿದ್ದರೆ ಅದು ಎಲ್ಲಿ ಅಡ ಇದೆ ಅಂತ ನೇರವಾಗಿ ಕೇಳಿ.

ವಿದ್ಯಾನಗರ_ಮೇಡಂ
ಬಾಡಿಗೆ ಮನೆ ಹುಡುಕುವ ಕಷ್ಟವೂ ಹಣದ್ದೊಂದೇ ಅಲ್ಲ. ನಾನು, ಅಮ್ಮ ಇಬ್ಬರೇ ಇದ್ದೆವು. ಬೋರ್ಡು ನೋಡಿ ಹೋದರೆ ಮೊದಲು ಜಾತಿ ಕೇಳುತ್ತಾರೆ. ಆಮೇಲೆ ಊಟ ಏನು, ಮನೆಗೆ ಯಾರು ಬರುತ್ತಾರೆ, ಗಂಡಸರು ಯಾರೂ ಇಲ್ವಾ. "ನಮ್ಮವರಿಗೆ ಮಾತ್ರ" ಎಂದು ಮುಖದ ಮೇಲೆ ಹೇಳಿದವರೂ ಇದ್ದಾರೆ. ಸ್ವಂತ ಮನೆಗೆ ಬಂದ ಮೇಲೆ ಆ ಪ್ರಶ್ನೆಗಳು ನಿಂತವು. ಕಂತು ಭಾರ ಆದ ತಿಂಗಳೂ ನನಗೆ ಬೇಸರ ಬಂದಿಲ್ಲ. ಬಡ್ಡಿ ಲೆಕ್ಕದವರಿಗೆ ನನ್ನ ತಕರಾರು ಇದೊಂದೇ. ಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ, ಅವರೂ ದುಡಿಯುತ್ತಿದ್ದಾರೆ.

ಬಡ್ಡಿ_ಲೆಕ್ಕ
ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ, ನೀವು ಹೇಳಿದ್ದು ಸರಿ.

ಫ್ಲ್ಯಾಟಿನ ಲೆಕ್ಕ ಕೊಡುತ್ತೇನೆ. ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಬಡ್ಡಿ ಸಹಾಯಧನ ಇದೆ. ವರ್ಷದ ಆದಾಯ 9 ಲಕ್ಷದೊಳಗೆ, ಮನೆ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು. ಜಾಸ್ತಿ ಅಂದರೆ 1.80 ಲಕ್ಷ, ಐದು ಕಂತಿನಲ್ಲಿ ಸಾಲದ ಖಾತೆಗೆ ಬರುತ್ತದೆ. 34ರ ಫ್ಲ್ಯಾಟು ಇದರೊಳಗೆ ಬರುತ್ತದೆ, 46ರ ಮನೆ ಬರಲ್ಲ. 25 ಲಕ್ಷಕ್ಕೆ ಶೇ 8ರಂತೆ ಕಂತು 20,900. ಸಂಬಳದ ಮೂರನೇ ಒಂದು ಭಾಗ.

ಪತ್ರ_ಬರಹ
ಇದಕ್ಕೆ ಸೇರಿಸುತ್ತೇನೆ. ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಬೆಲೆ 20 ಲಕ್ಷ ಮೀರಿ 45 ಲಕ್ಷದವರೆಗೆ ಇದ್ದರೆ ಮುದ್ರಾಂಕ ಶುಲ್ಕ ಶೇ 3 ಮಾತ್ರ. ಸೆಸ್ಸು, ಸರ್ಚಾರ್ಜು, ನೋಂದಣಿ ಎಲ್ಲ ಸೇರಿ 5.36 ಆಗುತ್ತದೆ. ಸುಮಾರು 1.82 ಲಕ್ಷ. ಕಟ್ಟಡ ಮುಗಿದ ಪ್ರಮಾಣಪತ್ರ ಬಂದಿದ್ದರೆ ಜಿಎಸ್‌ಟಿ ಇಲ್ಲ. ಬಂದಿಲ್ಲದಿದ್ದರೆ ಫ್ಲ್ಯಾಟಿನ ಅಳತೆ ನೋಡಿಕೊಂಡು ಶೇ 1 ಅಥವಾ 5. ಎಂಟಕ್ಕಿಂತ ಜಾಸ್ತಿ ಮನೆ ಇರುವ ಕಟ್ಟಡವಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ವೆಬ್‌ಸೈಟಿನಲ್ಲಿ ಪ್ಲಾನ್ ಸಿಗುತ್ತದೆ.

ನಿಟುವಳ್ಳಿ_ನಿವಾಸಿ
ಇಷ್ಟೊಂದು ಜನ ಸಮಯ ಕೊಟ್ಟು ಬರೆದಿದ್ದೀರಿ, ಇಬ್ಬರೂ ಕೂತು ಓದಿದೆವು. ಒಂದು ವಿಷಯ ಹೇಳಬೇಕು. ಕೆಟಿಜೆ ನಗರದ ಮನೆಯವರು ಪತ್ರದಲ್ಲಿ 30 ಲಕ್ಷ ತೋರಿಸೋಣ, ಉಳಿದದ್ದು ನಗದು ಕೊಡಿ, ನೋಂದಣಿ ಖರ್ಚು ನಿಮಗೇ ಉಳಿಯುತ್ತೆ ಎನ್ನುತ್ತಿದ್ದಾರೆ.

ಬಡ್ಡಿ_ಲೆಕ್ಕ
ಬೇಡವೇ ಬೇಡ. ಬ್ಯಾಂಕು ಪತ್ರದ ಬೆಲೆ ನೋಡಿ ಸಾಲ ಕೊಡುತ್ತದೆ. 16 ಲಕ್ಷ ನಗದು ಎಲ್ಲಿಂದ ತರುತ್ತೀರಿ? ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ತಗೊಂಡವರ ಮೇಲೆ ಬೀಳಬಹುದು. ವ್ಯವಹಾರ ಮುರಿದರೆ ಆ ಹಣ ಕೊಟ್ಟಿದ್ದಕ್ಕೆ ನಿಮ್ಮ ಹತ್ತಿರ ಸಾಕ್ಷಿಯೂ ಇರಲ್ಲ.

ಎಂಸಿಸಿ_ಬಿ_ಬ್ಲಾಕ್
ಊರಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಅನ್ನುವುದು ನಿಜ. ಆದರೂ ಈ ಮನೆ ಬಿಡಿ. ಫ್ಲ್ಯಾಟು ಹಿಡಿಯಿರಿ.

ಕುಂದವಾಡ_ವಾಕರ್
ನನ್ನ ಅಭಿಪ್ರಾಯ ಬೇರೆ. 34ರಲ್ಲಿ 25 ಸಾಲ ಹೋದರೆ 9 ಕೈಯಿಂದ, ನೋಂದಣಿ 1.82. ಅಲ್ಲಿಗೆ 10.82. ಹನ್ನೊಂದರಲ್ಲಿ ಉಳಿದಿದ್ದು 18 ಸಾವಿರ. ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾದರೆ? ಖಾಸಗಿ ಕೆಲಸ ಬೇರೆ. ಇನ್ನೊಂದು ವರ್ಷ ಬೇರೆ ಬಾಡಿಗೆ ಮನೆಗೆ ಹೋಗಲಿ, ಮೂರು ಲಕ್ಷ ಸೇರಿಸಲಿ, ಆಮೇಲೆ ಕೊಳ್ಳಲಿ. ಅಷ್ಟರಲ್ಲಿ ನಾಲ್ಕು ಕಡೆ ಕಾಗದ ನೋಡಿದ ಅನುಭವ ಬರುತ್ತದೆ. ಬಾಡಿಗೆ ಕೊಟ್ಟಿದ್ದು ದಂಡ ಅಲ್ಲ, ಆ ಒಂದು ವರ್ಷದ ಧೈರ್ಯಕ್ಕೆ ಕೊಟ್ಟಿದ್ದು.

ಎಂಸಿಸಿ_ಬಿ_ಬ್ಲಾಕ್
ಒಂದು ವರ್ಷದಲ್ಲಿ ಫ್ಲ್ಯಾಟು 37 ಆದರೆ? ಸಹಾಯಧನದ ಮಿತಿನೂ ದಾಟುತ್ತದೆ.

ಕುಂದವಾಡ_ವಾಕರ್
ಆಗದೇನೂ ಇರಬಹುದು. ಹೊಸ ಕಟ್ಟಡ ಇನ್ನೂ ಎಷ್ಟು ಏಳುತ್ತಿವೆ ಆ ರಸ್ತೆಯಲ್ಲಿ. ಅಲ್ಲಿನ ಫ್ಲ್ಯಾಟುಗಳನ್ನು ರಾತ್ರಿ ಹೊತ್ತು ಎಣಿಸಿ ನೋಡಿ, ಎಷ್ಟರಲ್ಲಿ ದೀಪ ಉರಿಯುತ್ತದೆ ಅಂತ.

ನಿಟುವಳ್ಳಿ_ನಿವಾಸಿ
ಹೆಂಡತಿಯೂ ಇದನ್ನೇ ಹೇಳಿದಳು, ಕೈ ಪೂರ್ತಿ ಖಾಲಿ ಮಾಡಿಕೊಳ್ಳುವುದು ಬೇಡ ಅಂತ. ಸೈಟು, ಹಳೇ ಮನೆ ಎರಡನ್ನೂ ಬಿಟ್ಟೆವು. ಲೀಸೂ ಬೇಡ. ಮಗಳ ಶಾಲೆಯ ಹತ್ತಿರ 10,500ಕ್ಕೆ ಒಂದು ಬಾಡಿಗೆ ಮನೆ ಇದೆ, ಭಾನುವಾರ ನೋಡಲು ಹೋಗುತ್ತೇವೆ. ಫ್ಲ್ಯಾಟಿನವರಿಗೆ ಟೋಕನ್ ಕೊಟ್ಟಿಲ್ಲ. 31ಕ್ಕೆ ಇಳಿಸಿದರೆ ಮಾತಾಡೋಣ ಎಂದಿದ್ದೇನೆ, ಕಾಗದದ ಜೆರಾಕ್ಸ್ ಕೇಳಿದ್ದೇನೆ. ಇಸಿ ಎಷ್ಟು ವರ್ಷದ್ದು ತೆಗೆಸಬೇಕು?

ಪತ್ರ_ಬರಹ
30 ವರ್ಷದ್ದು ತೆಗೆಸಿ. 2004ರಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಆಫೀಸಿಗೆ ಅರ್ಜಿ ಕೊಡಬೇಕು. ಫ್ಲ್ಯಾಟಿನದು ಮಾತ್ರ ಅಲ್ಲ, ಅದು ನಿಂತಿರುವ ಜಾಗದ ಮೂಲ ಸರ್ವೆ ನಂಬರಿನದೂ ಬೇಕು. ಇ-ಖಾತಾ ಫ್ಲ್ಯಾಟಿಗೆ ಬೇರೆಯಾಗಿ ಆಗಿದೆಯಾ ಕೇಳಿ, ಅದಿಲ್ಲದೆ ನೋಂದಣಿಯೇ ಆಗಲ್ಲ. ಜೆರಾಕ್ಸ್ ಬಂದ ಮೇಲೆ ಸಿವಿಲ್ ಕೇಸು ನಡೆಸುವ ವಕೀಲರೊಬ್ಬರಿಗೆ ತೋರಿಸಿ. ಬಿಲ್ಡರೇ ಗೊತ್ತುಮಾಡಿಕೊಟ್ಟ ವಕೀಲರು ಬೇಡ.

ಶಾಮನೂರು_ಫ್ಲ್ಯಾಟ್
ಪಾರ್ಕಿಂಗ್ ಜಾಗ ಪತ್ರದಲ್ಲಿ ಬರೆಸಿಕೊಳ್ಳುವುದು ಮರೆಯಬೇಡಿ. ನಮ್ಮಲ್ಲಿ ಬಾಯಿಮಾತಿನಲ್ಲಿ ಕೊಟ್ಟಿದ್ದಕ್ಕೆ ಈಗಲೂ ಜಗಳ ನಡೆಯುತ್ತಿದೆ.